ಬೇಸಿಗೆ ಮುಗಿಯುವ ಹೊತ್ತಿನ ಹಳ್ಳಿದಾರಿ ರೈಡ್‌ಗಳು: ನಿಮ್ಮದು ಹೇಗೆ ನಡೆದಿದೆ?

ನಿಧಾನಸವಾರಿ:
ಬೇಸಿಗೆ ಇನ್ನೇನು ಮುಗಿಯುತ್ತಾ ಬಂತು. ವರ್ಷದಲ್ಲಿ ಸೈಕಲ್ ತುಳಿಯಲು ನನಗೆ ಇಷ್ಟವಾದ ಕಾಲ ಇದೇ. ಬಿಸಿಲು ಅಷ್ಟೇನೂ ಇಳಿದಿಲ್ಲ, ಆದರೆ ಮೈ ಅದಕ್ಕೆ ಒಗ್ಗಿಹೋಗಿದೆ. ಊರು ದಾಟಿ ಹೊಲಗಳ ನಡುವಿನ ಟಾರು ರಸ್ತೆಗೆ ಬಿದ್ದರೆ ವಾಹನ ಕಡಿಮೆ, ದೂರದ ತಿರುವು ಮುಂಚೆಯೇ ಕಾಣುತ್ತದೆ, ತಲೆಯೊಳಗಿನ ಗದ್ದಲ ತಾನಾಗಿ ನಿಲ್ಲುತ್ತದೆ.

ನಿಮ್ಮ ರೈಡ್‌ಗಳ ಬಗ್ಗೆ ಬರೆಯಿರಿ. ಎಷ್ಟು ಹೊತ್ತಿಗೆ ಹೊರಡುತ್ತೀರಿ, ಒಬ್ಬರೇನಾ ಗುಂಪಾ, ಜೊತೆಗೆ ಏನೇನು ಇಟ್ಟುಕೊಳ್ಳುತ್ತೀರಿ. ರೇಸಿನ ಮಾತು ಬೇಡ, ಖುಷಿಗೆ ತುಳಿಯುವವರ ಸುದ್ದಿ ಸಾಕು.

ಒಂದು ತಕರಾರೂ ಇದೆ. ನಾನು ಸಂಜೆ ಹೊರಡುವವನು. ಹೋಗುವಾಗ ಗಾಳಿ ಬೆನ್ನಿಗಿರುತ್ತದೆ, ಆಹಾ ಕಾಲಿಗೆ ಎಂಥಾ ಬಲ ಬಂತು ಅನ್ನಿಸುತ್ತದೆ. ತಿರುಗಿದ ಕೂಡಲೇ ಎದೆಗೆ ಹೊಡೆಯುತ್ತದೆ ನೋಡಿ, ಆಮೇಲೆ ಬರೀ ಗೋಳು. ಹೋಗುವಾಗ ಉಳಿಸಿದ ಹೊತ್ತು, ಬರುವಾಗ ಕಳೆದ ಹೊತ್ತು ಎರಡೂ ಸಮ ಅಂತ ಗೆಳೆಯರು ಹೇಳುತ್ತಾರೆ. ನನಗಂತೂ ಸಮ ಅನ್ನಿಸಿಲ್ಲ. ಏನಂತೀರಿ?

ಬೆಳಗಿನಜಾವ:
ಸಂಜೆ ಯಾಕೆ ಹೋಗುತ್ತೀರಿ ಸ್ವಾಮಿ? ಬೆಳಕು ಹರಿಯುವ ಹೊತ್ತಿಗೆ ಹೊರಡಿ. ಗಾಳಿ ಜೋರಾಗಿ ಏಳುವುದೇ ನೆಲ ಕಾದ ಮೇಲೆ. ಬೆಳಿಗ್ಗೆ ಎಲೆ ಅಲ್ಲಾಡುವುದಿಲ್ಲ. ಬಿಸಿಲು ಏರುವ ಮುಂಚೆ ಮನೆ ಸೇರಬಹುದು. ನಿಮ್ಮ ತಕರಾರು ಅಲ್ಲಿಗೆ ಖಲಾಸ್.

ಸುಮ್ನೆತುಳಿ:
ಬೆಳಗ್ಗೆ ಬೇಗ ಏಳುವವರಿಗೆ ಲೋಕದ ಎಲ್ಲ ಸಮಸ್ಯೆಗೂ ಒಂದೇ ಔಷಧಿ. ನಮಗೆ ನಿದ್ದೆಯೂ ಬೇಕು, ಸೈಕಲ್ಲೂ ಬೇಕು.

ಹಿಂಗಾಳಿ:
ನಿಮ್ಮ ಗೆಳೆಯರ ಲೆಕ್ಕ ತಪ್ಪು, ನಿಧಾನಸವಾರಿಯವರೇ. ಕೂತು ಹಾಕಿ ನೋಡಿ. 25 ಕಿ.ಮೀ. ಹೋಗಿ 25 ಕಿ.ಮೀ. ವಾಪಸ್ ಬರಬೇಕು ಅಂದುಕೊಳ್ಳಿ. ಗಾಳಿ ಇಲ್ಲದ ದಿನ ಗಂಟೆಗೆ 25ರಂತೆ ತುಳಿದರೆ ಒಟ್ಟು 120 ನಿಮಿಷ. ಗಾಳಿಯ ದಿನ ಹೋಗುವಾಗ 30, ಬರುವಾಗ 20 ಅಂತ ಇಟ್ಟುಕೊಳ್ಳಿ. ಹೋಗಲು 50 ನಿಮಿಷ, ಬರಲು 75. ಒಟ್ಟು 125. ಉಳಿಸಿದ್ದು 10 ನಿಮಿಷ, ಕಳೆದದ್ದು 15. ವೇಗ ಅತ್ತ ಐದು ಇತ್ತ ಐದು ಬದಲಾದರೂ, ನಿಧಾನದ ವೇಗದಲ್ಲಿ ನೀವು ಇರುವ ಹೊತ್ತೇ ಜಾಸ್ತಿ.

ಏರುದಾರಿ:
ಐದು ನಿಮಿಷಕ್ಕೆ ಇಷ್ಟು ಗೋಳಾ ಮಾರಾಯರೇ! ಒಂದು ಸಲ ನೀರು ಕುಡಿಯಲು ನಿಂತರೆ ಹೋಗುವಷ್ಟು ಹೊತ್ತು.

ಹಿಂಗಾಳಿ:
ಹೊತ್ತಿಗಿಂತ ಶಕ್ತಿ ಹೋಗುವುದು ದೊಡ್ಡದು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದನ್ನು ಮೀರಲು ಬೇಕಾದ ಶಕ್ತಿ ಘನಕ್ಕೆ ತಕ್ಕಂತೆ. ಅಂದರೆ ಗಾಳಿ ನಿಂತ ದಿನ ವೇಗ ಎರಡರಷ್ಟು ಮಾಡಬೇಕಾದರೆ ಗಾಳಿಗೇ ಸುಮಾರು ಎಂಟರಷ್ಟು ಶಕ್ತಿ ಹಾಕಬೇಕು. ಸಮತಟ್ಟು ರಸ್ತೆಯಲ್ಲಿ ಸ್ವಲ್ಪ ವೇಗ ಹಿಡಿದ ಮೇಲೆ ನಮ್ಮ ಹೆಚ್ಚಿನ ದುಡಿಮೆಯೆಲ್ಲ ಗಾಳಿಗೇ ಹೋಗುತ್ತದೆ. ಅದಕ್ಕೇ ಎದುರುಗಾಳಿಯಲ್ಲಿ ಮೀಟರ್ ನೋಡುತ್ತಾ ಹಟ ಮಾಡಬೇಡಿ. ಕೆಳಗಿನ ಹ್ಯಾಂಡಲ್ ಹಿಡಿಯಿರಿ, ಮೊಣಕೈ ಮಡಚಿ, ತಲೆ ತಗ್ಗಿಸಿ, ಗೇರ್ ಇಳಿಸಿ. ಸೈಕಲ್ ಹಗುರ ಮಾಡಲು ದುಡ್ಡು ಸುರಿಯುವುದಕ್ಕಿಂತ ಇದು ಜಾಸ್ತಿ ಉಪಯೋಗ, ಅದೂ ಪುಕ್ಕಟೆ.

ಎರಡುಚಕ್ರ:
ಹಳೆಯ ಸೂತ್ರ ಒಂದೇ. ಹೋಗುವಾಗ ಗಾಳಿಗೆ ಎದುರು, ಬರುವಾಗ ಗಾಳಿಯ ಜೊತೆ. ದಣಿದ ಕಾಲಿಗೆ ಹಿಂಗಾಳಿ ಸಿಗಬೇಕು.

ಸುಮ್ನೆತುಳಿ:
ಸೂತ್ರ ಸರಿ, ಗಾಳಿ ಅದನ್ನು ಕೇಳಬೇಕಲ್ಲ! ಕಡಲ ಹತ್ತಿರ ಇರುವವರನ್ನು ಕೇಳಿ. ಹಗಲು ಗಾಳಿ ಕಡಲಿಂದ ನೆಲಕ್ಕೆ, ರಾತ್ರಿಯಾದರೆ ನೆಲದಿಂದ ಕಡಲಿಗೆ. ಹೊತ್ತು ನೋಡದೆ ಹೊರಟರೆ ಹೋಗುವಾಗಲೂ ಎದುರು, ಬರುವಾಗಲೂ ಎದುರು.

ಬಾಟಲಿಎರಡು:
"ಮೈ ಒಗ್ಗಿಹೋಗಿದೆ" ಅಂದಿರಲ್ಲ, ಅದು ಬರೀ ಅನಿಸಿಕೆ ಅಲ್ಲ. ಬಿಸಿಲಲ್ಲಿ 10ರಿಂದ 14 ದಿನ ಬಿಡದೆ ಮೈ ದಣಿಸಿದರೆ ದೇಹವೇ ಬದಲಾಗುತ್ತದೆ. ರಕ್ತದಲ್ಲಿ ದ್ರವದ ಪಾಲು ಏರುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನ ಜೊತೆ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಅದೇ ದುಡಿಮೆಗೆ ಎದೆಬಡಿತ ಕೆಳಗಿರುತ್ತದೆ. ಬೇಸಿಗೆಯ ಮೊದಲ ವಾರ ಸತ್ತೆನೋ ಅನ್ನಿಸಿದ ಬಿಸಿಲು ಕೊನೆಯ ವಾರದಲ್ಲಿ ಸಲೀಸು ಅನ್ನಿಸುವುದು ಇದಕ್ಕೇ. ಆದರೆ ಕೆಲವು ವಾರ ಸೈಕಲ್ ಮೂಲೆಗೆ ಇಟ್ಟರೆ ಇದೆಲ್ಲ ಕರಗಿಹೋಗುತ್ತದೆ. ರಜೆ ಮುಗಿಸಿ ಬಂದು ನೇರ ಮಧ್ಯಾಹ್ನದ ಬಿಸಿಲಿಗೆ ಇಳಿಯಬೇಡಿ.

ಇನ್ನೊಂದು ಮಾತು. ಬಿಸಿಲು ಅಂದರೆ ಎಲ್ಲರೂ ನಡುಹಗಲು 12 ಗಂಟೆ ಅಂದುಕೊಳ್ಳುತ್ತಾರೆ. ಗಾಳಿಯ ಕಾವು ಅತಿ ಹೆಚ್ಚು ಇರುವುದು ಅದಾಗಿ ಎರಡು ಮೂರು ಗಂಟೆ ಕಳೆದ ಮೇಲೆ. ಕಪ್ಪು ಟಾರು ರಸ್ತೆ ಗಾಳಿಗಿಂತ ಇನ್ನೂ ಬಿಸಿ. ಮೇಲಿಂದಲೂ ಕಾವು, ಕೆಳಗಿಂದಲೂ ಕಾವು. ಸಂಜೆ ಹೊರಡುವವರು ಒಂದು ಗಂಟೆ ತಡ ಮಾಡಿದರೆ ನಷ್ಟವೇನಿಲ್ಲ.

ಕಡೇಗೇರ್:
ನೀರು ಎಷ್ಟು ಕುಡಿಯಬೇಕು ಹೇಳಿ. ಒಬ್ಬರು ಹದಿನೈದು ನಿಮಿಷಕ್ಕೊಮ್ಮೆ ಅನ್ನುತ್ತಾರೆ, ಇನ್ನೊಬ್ಬರು ಬಾಯಾರಿದರೆ ಮಾತ್ರ ಅನ್ನುತ್ತಾರೆ. ನನಗೆ ತಲೆ ಕೆಟ್ಟುಹೋಗಿದೆ.

ಬಾಟಲಿಎರಡು:
ಎಲ್ಲರಿಗೂ ಒಂದೇ ಅಳತೆ ಇಲ್ಲ. ಮನೆಯಲ್ಲೇ ಅಳೆದುಕೊಳ್ಳಬಹುದು. ಹೊರಡುವ ಮುಂಚೆ ತೂಕ ನೋಡಿ, ಬಂದು ಬೆವರು ಒರೆಸಿ ಮತ್ತೆ ನೋಡಿ. ಒಂದು ಕಿಲೋ ಇಳಿದಿದ್ದರೆ ಹತ್ತಿರ ಹತ್ತಿರ ಒಂದು ಲೀಟರ್ ಬೆವರು ಹೋಗಿದೆ. ದಾರಿಯಲ್ಲಿ ಕುಡಿದದ್ದನ್ನೂ ಅದಕ್ಕೆ ಸೇರಿಸಿ, ಗಂಟೆಗೆ ಎಷ್ಟು ಅಂತ ಭಾಗಿಸಿ. ಗಂಟೆಗೆ ಅರ್ಧ ಲೀಟರ್ ಬೆವರುವವರೂ ಇದ್ದಾರೆ, ಒಂದೂವರೆ ಲೀಟರ್ ಬೆವರುವವರೂ ಇದ್ದಾರೆ.

ಬೆಳಗಿನಜಾವ:
ಜಾಸ್ತಿ ಕುಡಿದರೆ ಏನೂ ಆಗುವುದಿಲ್ಲ, ಕಡಿಮೆ ಕುಡಿದರೆ ತೊಂದರೆ. ಸುಮ್ನೆ ಕುಡಿಯುತ್ತಾ ಇರಿ.

ಬಾಟಲಿಎರಡು:
ಇಲ್ಲ ಸರ್, ಈ ಮಾತು ಒಪ್ಪಲ್ಲ. ಗಂಟೆಗಟ್ಟಲೆ ತುಳಿಯುತ್ತಾ ಬೆವರಿಗಿಂತ ಜಾಸ್ತಿ ಬರೀ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ತೆಳುವಾಗುತ್ತದೆ. ತಲೆನೋವು, ವಾಕರಿಕೆ, ಗೊಂದಲ ಶುರುವಾಗುತ್ತದೆ. ವಿಪರೀತಕ್ಕೆ ಹೋದರೆ ಜೀವಕ್ಕೇ ಅಪಾಯ. ಅದನ್ನು ಬಾಯಾರಿಕೆ ಅಂದುಕೊಂಡು ಇನ್ನಷ್ಟು ನೀರು ಕುಡಿಸಿದರಂತೂ ಮುಗಿದೇಹೋಯಿತು. ಎರಡು ಗಂಟೆ ಮೀರುವ ರೈಡಿಗೆ ಒಂದು ಬಾಟಲಿ ಬರೀ ನೀರು, ಇನ್ನೊಂದರಲ್ಲಿ ಉಪ್ಪು ಸಕ್ಕರೆ ಬೆರೆಸಿದ್ದು. ನನ್ನ ಹೆಸರು ನೋಡಿದರೇ ಗೊತ್ತಾಗಬೇಕು :)

ಏರುದಾರಿ:
ತಿನ್ನುವುದನ್ನೂ ಸೇರಿಸಿ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಅನ್ನುವುದು ಬಹಳ ಕಾಲದಿಂದ ಇರುವ ಲೆಕ್ಕ. ಹಸಿವಾದ ಮೇಲೆ ತಿಂದರೆ ತಡವಾಯಿತು. ನಮ್ಮ ಗುಂಪಿನಲ್ಲಿ ಒಬ್ಬರು ಏನೂ ತಿನ್ನದೆ ಬಂದು ದೂರದ ಏರಿನಲ್ಲಿ ಬಾಂಕ್ ಆದರು, ಅಂದರೆ ಮೈಯಲ್ಲಿನ ಶಕ್ತಿಯೆಲ್ಲ ಖಾಲಿಯಾಗಿ ನಿಂತುಬಿಟ್ಟರು. ಮುಖ ಬಿಳಚಿಕೊಂಡು ರಸ್ತೆ ಪಕ್ಕ ಕೂತು "ನೀವು ಹೋಗಿ, ನಾನು ಇಲ್ಲೇ ಇರುತ್ತೇನೆ" ಅನ್ನುತ್ತಿದ್ದರು. ಎರಡು ಬಾಳೆಹಣ್ಣು ಒಳಗೆ ಹೋದ ಸ್ವಲ್ಪ ಹೊತ್ತಿಗೆ ಎದ್ದು ಎಲ್ಲರ ಸೀಟಿನ ಎತ್ತರ ಸರಿಯಿಲ್ಲ ಅಂತ ಉಪದೇಶ ಶುರು ಮಾಡಿದರು.

ಮುಳ್ಳುಟೈರ್:
ಹ್ಹಹ್ಹಹ್ಹ, ಅಂಥವರು ಪ್ರತಿ ಗುಂಪಿನಲ್ಲೂ ಒಬ್ಬರು ಇರುತ್ತಾರೆ.

ಬಾಟಲಿಎರಡು:
ನಗುವ ನಡುವೆ ಒಂದು ಎಚ್ಚರಿಕೆ. ಬಿಸಿಲಲ್ಲಿ ಯಾರಾದರೂ ತಡವರಿಸಿ ಮಾತಾಡಿದರೆ, ಸೈಕಲ್ ಓಲಾಡಿದರೆ ಅದನ್ನು ಸುಸ್ತು ಅಂತ ಬಿಡಬೇಡಿ. ಬಿಸಿಲಾಘಾತ ಇರಬಹುದು. ಬೆವರುತ್ತಿದ್ದರೂ ಆಗಬಹುದು, ಬೆವರು ನಿಂತಮೇಲೇ ಅಂತೇನಿಲ್ಲ. ನೆರಳಿಗೆ ತನ್ನಿ, ಆಂಬುಲೆನ್ಸ್‌ಗೆ ಕರೆ ಮಾಡಿ, ಇರುವ ನೀರೆಲ್ಲ ತಲೆ, ಕುತ್ತಿಗೆ, ಮೈಮೇಲೆ ಸುರಿದು ಗಾಳಿ ಹಾಕಿ. ಆಸ್ಪತ್ರೆ ಸೇರುವವರೆಗೆ ಕಾಯದೆ ಅಲ್ಲೇ ತಂಪು ಮಾಡಲು ಶುರು ಮಾಡಬೇಕು.

ಕಡೇಗೇರ್:
ಬಿಸಿಲಿಗೆ ಟೈರ್ ಸಿಡಿಯುತ್ತದೆ ಅಂತ ನಾನು ಬೇಸಿಗೆಯಲ್ಲಿ ಗಾಳಿ ತುಂಬಾ ಕಡಿಮೆ ಹಾಕುತ್ತೇನೆ. ಸರೀನಾ?

ಮುಳ್ಳುಟೈರ್:
ತಂಪು ಹೊತ್ತಲ್ಲಿ, 20 ಡಿಗ್ರಿಯಲ್ಲಿ 80 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹಾಕಿದ ಟೈರ್ 50 ಡಿಗ್ರಿಗೆ ಕಾದರೆ ಹೆಚ್ಚೂ ಕಡಿಮೆ 90 ಆಗುತ್ತದೆ, ಅಷ್ಟೇ. ಟೈರಿನ ಪಕ್ಕದಲ್ಲಿ ಅಚ್ಚು ಹಾಕಿರುವ ಮಿತಿಯೊಳಗೆ ನೀವಿದ್ದರೆ ಅದು ಸಿಡಿಯುವುದಿಲ್ಲ. ಸಿಡಿದ ಟೈರುಗಳಲ್ಲಿ ಮೊದಲೇ ಪಕ್ಕ ಸೀಳಿರುತ್ತದೆ, ಇಲ್ಲ ಟ್ಯೂಬ್ ಟೈರಿನಂಚಿಗೆ ಸಿಕ್ಕಿಕೊಂಡಿರುತ್ತದೆ. ತುಂಬಾ ಕಡಿಮೆ ಹಾಕಿದರೆ ಗುಂಡಿಗೆ ಬಿದ್ದಾಗ ರಿಮ್ ಬಂದು ಟ್ಯೂಬನ್ನು ಕಚ್ಚುತ್ತದೆ. ಹಾವು ಕಚ್ಚಿದ ಹಾಗೆ ಎರಡು ತೂತು. ಆ ತೂತು ಕಂಡರೆ ಮುಳ್ಳು ಹುಡುಕಬೇಡಿ, ಪಂಪ್ ಹುಡುಕಿ.

ಎರಡುಚಕ್ರ:
ಎರಡು ಕಡೆ ಎಚ್ಚರ ಬೇಕು. ಹುಕ್‌ಲೆಸ್ ರಿಮ್ (ಟೈರಿನಂಚು ಹಿಡಿಯುವ ಕೊಕ್ಕೆ ಇಲ್ಲದ ರಿಮ್) ಇದ್ದರೆ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ಮೀರುವಂತಿಲ್ಲ. ರಿಮ್ ಬ್ರೇಕ್ ಇರುವವರು ಉದ್ದ ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇಳಿಯಬೇಡಿ, ರಿಮ್ ಕಾದು ಟ್ಯೂಬಿಗೆ ಕಾವು ಹೋಗುತ್ತದೆ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು, ಬಿಟ್ಟು, ಮತ್ತೆ ಹಿಡಿಯಿರಿ.

ಏರುದಾರಿ:
28 ಮಿ.ಮೀ. ಅಗಲದ ಟೈರಿಗೆ 80 ಯಾಕೆ ಸ್ವಾಮಿ? ಆ ಕಾಲ ಹೋಯಿತು. ಒರಟು ರಸ್ತೆಯಲ್ಲಿ ಗಟ್ಟಿ ಟೈರ್ ಕುಣಿಯುತ್ತದೆ, ಕುಣಿದಷ್ಟೂ ನಿಮ್ಮ ಶಕ್ತಿ ಹಾಳು. ಸ್ವಲ್ಪ ಇಳಿಸಿ ನೋಡಿ, ಕೈ ಜೋಮು ಹಿಡಿಯುವುದೂ ಕಡಿಮೆಯಾಗುತ್ತದೆ.

ಮುಳ್ಳುಟೈರ್:
ನಾನು ಲೆಕ್ಕ ತೋರಿಸಲು ಬರೆದೆ, ಎಲ್ಲರೂ 80 ಹಾಕಿ ಅಂದೆನಾ? ಓದಿ ಜಗಳಕ್ಕೆ ಬನ್ನಿ.

ಆದರೆ ಈ ಕಾಲದ ನಿಜವಾದ ಶತ್ರು ಕಾವಲ್ಲ, ಒಣಗಿದ ಮುಳ್ಳು. ಬೇಲಿ ಕತ್ತರಿಸಿ ರಸ್ತೆ ಪಕ್ಕ ಹಾಕಿರುತ್ತಾರೆ, ಗಾಳಿಗೆ ಟಾರಿನ ಮೇಲೆ ಹರಡುತ್ತದೆ. ಟೈರ್ ಹಾಕುವಾಗಲೇ ಅದರ ಹೆಸರು ಬರೆದಿರುವ ಜಾಗವನ್ನು ವಾಲ್ವಿನ ನೇರಕ್ಕೆ ಕೂರಿಸಿಕೊಳ್ಳಿ. ಪಂಕ್ಚರ್ ಆದಾಗ ಟ್ಯೂಬ್ ತೆಗೆದು ಗಾಳಿ ಹಾಕಿ, ತೂತು ವಾಲ್ವಿನಿಂದ ಎಷ್ಟು ಗೇಣು ದೂರ ನೋಡಿ, ಟೈರಿನಲ್ಲೂ ಅಷ್ಟೇ ದೂರದಲ್ಲಿ ಹುಡುಕಿ. ಆ ಕಡೆ ಈ ಕಡೆ ಎರಡೂ ನೋಡಬೇಕು. ಆಮೇಲೆ ಟೈರಿನ ಒಳಗೆ ಬೆರಳು ಮೆಲ್ಲಗೆ ಆಡಿಸಿ. ಕಣ್ಣಿಗೆ ಕಾಣದ ಮುಳ್ಳಿನ ತುದಿ ಬೆರಳಿಗೆ ಚುಚ್ಚುತ್ತದೆ. ಅದನ್ನು ಹೊರಗಿಂದ ಎಳೆದರೆ ಮುರಿದು ಒಳಗೇ ಉಳಿಯುತ್ತದೆ, ಒಳಗಿಂದ ಹೊರಗೆ ತಳ್ಳಬೇಕು. ಇದಿಷ್ಟು ಮಾಡದೆ ಹೊಸ ಟ್ಯೂಬ್ ಹಾಕಿದರೆ ಮುಂದಿನ ತಿರುವಿಗೆ ಅದೂ ಹೋಗುತ್ತದೆ.

ಟೈರೇ ಸೀಳಿದ್ದರೆ? ಒಳಗಡೆಯಿಂದ ಹಳೇ ಟೈರಿನ ತುಂಡೋ, ಗಟ್ಟಿ ಪ್ಲಾಸ್ಟಿಕ್ ಹೊದಿಕೆ ಮಡಚಿದ್ದೋ ಇಟ್ಟು ಗಾಳಿ ಸ್ವಲ್ಪ ಕಡಿಮೆ ಹಾಕಿ. ಮನೆ ಮುಟ್ಟಬಹುದು.

ನಿಧಾನಸವಾರಿ:
ವಾಲ್ವಿನ ನೇರಕ್ಕೆ ಹೆಸರು ಕೂರಿಸುವುದು ಬರೀ ಷೋಕಿ ಅಂದುಕೊಂಡಿದ್ದೆ! ಇದು ಉಪಯೋಗಕ್ಕೆ ಬಂತು.

ಹೊಲದಹಾದಿ:
ನಾನು ಸಂಜೆ ಪಕ್ಷ. ಯಾಕೆ ಅಂತ ವಾದ ಬೇಡ, ಇಷ್ಟ ಅಷ್ಟೇ. ಸಂಜೆಯವರಿಗೆ ಒಂದು ಮಾತು ಮಾತ್ರ ಹೇಳುತ್ತೇನೆ. ಸೂರ್ಯ ಕೆಳಗಿಳಿದಾಗ ನಿಮ್ಮ ನೆರಳು ಯಾವ ಕಡೆ ಬಿದ್ದಿದೆ ನೋಡುತ್ತಾ ಇರಿ. ನೆರಳು ನಿಮ್ಮ ಹಿಂದಕ್ಕೆ ಉದ್ದವಾಗಿ ಬಿದ್ದಿದ್ದರೆ ಸೂರ್ಯ ಎದುರಿಗಿದ್ದಾನೆ. ನಿಮಗೆ ಮಾತ್ರವಲ್ಲ, ನಿಮ್ಮ ಹಿಂದೆ ಬರುವ ಲಾರಿಯವನ ಕಣ್ಣಿಗೂ ಅದೇ ಬೆಳಕು. ಅವನಿಗೆ ನೀವು ಕಾಣದೇ ಇರಬಹುದು. ನೆರಳು ಮುಂದಕ್ಕೆ ಬಿದ್ದಿದ್ದರೆ ಎದುರಿನಿಂದ ಬಂದು ನಿಮ್ಮ ಮುಂದೆ ಅಡ್ಡ ತಿರುಗುವವನಿಗೆ ಕಾಣುವುದಿಲ್ಲ. ಹಿಂದಿನ ಕೆಂಪು ದೀಪವನ್ನು ಹಗಲಲ್ಲೇ ಹಾಕಿಕೊಳ್ಳಿ. ತಂಪು ಕನ್ನಡಕದ ಜೊತೆ ಬಿಳಿ ಗಾಜಿನದ್ದೂ ಜೇಬಲ್ಲಿರಲಿ.

ಈ ಕಾಲದಲ್ಲಿ ಹಗಲು ಬೇಗ ಬೇಗ ಮೋಟಾಗುತ್ತದೆ. ಸಮಭಾಜಕದ ಹತ್ತಿರ ಇರುವವರಿಗೆ ಗೊತ್ತೇ ಆಗುವುದಿಲ್ಲ, ಆದರೆ 50 ಡಿಗ್ರಿ ಅಕ್ಷಾಂಶದ ಆಸುಪಾಸಿನವರಿಗೆ ಬೇಸಿಗೆಯ ಕೊನೆಗೆ ದಿನಕ್ಕೆ ಮೂರು ನಾಲ್ಕು ನಿಮಿಷ ಹಗಲು ಕಡಿಮೆ. ಕಳೆದ ತಿಂಗಳು ಬೆಳಕಲ್ಲೇ ಮುಗಿದ ದಾರಿ ಈ ತಿಂಗಳು ಕತ್ತಲಲ್ಲಿ ಮುಗಿಯುತ್ತದೆ.

ಬೆಳಗಿನಜಾವ:
ಬೆಳಿಗ್ಗೆ ಹೋದರೆ ಈ ತಾಪತ್ರಯವೇ ಇಲ್ಲ.

ಹೊಲದಹಾದಿ:
ಬೆಳಿಗ್ಗೆ ಸೂರ್ಯ ಮೇಲಿಂದ ಉದುರುತ್ತಾನಾ ಸರ್? ಆಗಲೂ ಕೆಳಗೇ ಇರುತ್ತಾನಲ್ವಾ. ದಿಕ್ಕು ಮಾತ್ರ ಬೇರೆ.

ಸುಮ್ನೆತುಳಿ:
ಇದಕ್ಕೆ ಬೆಳಗಿನಜಾವರ ಉತ್ತರ ಕಾಯುತ್ತಿದ್ದೇನೆ.

ಬೆಳಗಿನಜಾವ:
ಒಪ್ಪಿದೆ. ಗಾಳಿಯ ವಿಷಯ ಬಿಟ್ಟುಕೊಡುವುದಿಲ್ಲ.

ಒಂಟಿಪೆಡಲ್:
ನಾಯಿ ಅಟ್ಟಿಸಿಕೊಂಡು ಬಂದರೆ ಏನು ಮಾಡುತ್ತೀರಿ? ನನಗೆ ಗಾಳಿ, ಬಿಸಿಲು, ಮುಳ್ಳು ಯಾವುದೂ ಭಯವಿಲ್ಲ, ಅದೊಂದೇ.

ಎರಡುಚಕ್ರ:
ಜೋರಾಗಿ ತುಳಿದರೆ ಅದಕ್ಕೆ ಆಟ ಇನ್ನೂ ರಂಗೇರುತ್ತದೆ. ನಿಧಾನ ಮಾಡಿ, ಇಳಿದು, ಸೈಕಲ್ಲನ್ನು ನಿಮಗೂ ಅದಕ್ಕೂ ನಡುವೆ ಅಡ್ಡ ಇಟ್ಟುಕೊಂಡು ನಡೆಯಿರಿ. ದಿಟ್ಟಿಸಿ ನೋಡಬೇಡಿ. ಓಡುವ ವಸ್ತು ನಿಂತರೆ ಹೆಚ್ಚಿನ ನಾಯಿಗಳಿಗೆ ಆಸಕ್ತಿ ಹೋಗುತ್ತದೆ.

ಸುಮ್ನೆತುಳಿ:
ಆ "ಹೆಚ್ಚಿನ" ಅನ್ನುವಲ್ಲೇ ಇರುವುದು ಸಮಸ್ಯೆ.

ಒಂಟಿಪೆಡಲ್:
ಗುಂಪಿನಲ್ಲಿ ಹೋದರೆ ವಾಸಿಯೇನೋ. ಆದರೆ ಗುಂಪಿನವರ ವೇಗ ನೋಡಿದರೆ ನಾಯಿಯೇ ಮೇಲು ಅನ್ನಿಸುತ್ತದೆ. ಸುಲಭದ ರೈಡ್ ಅಂತ ಕರೆಯುತ್ತಾರೆ, ಊರು ದಾಟುತ್ತಿದ್ದ ಹಾಗೆ ಕುದುರೆ ಬಿಟ್ಟಂತೆ ಬಿಡುತ್ತಾರೆ.

ಏರುದಾರಿ:
ಹಿಂದೆ ಅಂಟಿಕೊಳ್ಳಲು ಕಲಿಯಿರಿ. ಮುಂದಿನವರ ಚಕ್ರದ ಹಿಂದೆ ಹತ್ತಿರ ಇದ್ದರೆ ಕಾಲುಭಾಗಕ್ಕೂ ಮೀರಿ ಶ್ರಮ ಉಳಿಯಬಹುದು. ಎದುರುಗಾಳಿಗೆ ಇದಕ್ಕಿಂತ ಒಳ್ಳೆ ಮದ್ದಿಲ್ಲ. ಆದರೆ ಅವರ ಹಿಂಚಕ್ರದ ಪಕ್ಕಕ್ಕೆ ನಿಮ್ಮ ಮುಂಚಕ್ರ ತೂರಿಸಬೇಡಿ. ಅವರು ಗುಂಡಿ ತಪ್ಪಿಸಲು ಒಂದು ಗೇಣು ಸರಿದರೆ ಸಾಕು, ಚಕ್ರಕ್ಕೆ ಚಕ್ರ ತಾಗುತ್ತದೆ. ಬೀಳುವವರು ಹಿಂದಿನವರೇ, ಮುಂದಿನವರಿಗೆ ಗೊತ್ತೂ ಆಗುವುದಿಲ್ಲ. ಚಕ್ರ ನೋಡುತ್ತಾ ಕೂರಬೇಡಿ, ಅವರ ಭುಜದಾಚೆ ರಸ್ತೆ ನೋಡಿ.

ಹೊಲದಹಾದಿ:
ಮುಂದಿರುವವರಿಗೂ ಕೆಲಸ ಇದೆ. ಗುಂಡಿ, ಮರಳು, ರಸ್ತೆಗೆ ಬಿದ್ದ ಹುಲ್ಲು ಬೆರಳು ಮಾಡಿ ತೋರಿಸಬೇಕು. ಕೊಯ್ಲಿನ ಹೊತ್ತು ಅಂತೂ ತಿರುವಿನಾಚೆ ಟ್ರ್ಯಾಕ್ಟರ್ ಇದ್ದೇ ಇರುತ್ತದೆ. ಚಕ್ರಕ್ಕೆ ಮೆತ್ತಿದ ಮಣ್ಣು ರಸ್ತೆ ಮೇಲೆ ಹೆಂಟೆ ಹೆಂಟೆಯಾಗಿ ಬಿದ್ದಿರುತ್ತದೆ. ಒಣಗಿದ್ದರೆ ಕಲ್ಲು, ನೆನೆದಿದ್ದರೆ ಸಾಬೂನು.

ಕಡೇಗೇರ್:
ನೆನೆದ ಮಣ್ಣು ಅಂದಾಗ ಮಳೆ ನೆನಪಾಯಿತು. ಬಹಳ ದಿನ ಒಣಗಿದ ರಸ್ತೆಗೆ ಮೊದಲ ಹನಿ ಬಿದ್ದಾಗ ಜಾರಿಕೆ ಭಯಂಕರ ಅಲ್ವಾ?

ಹಿಂಗಾಳಿ:
ಹೌದು, ಧೂಳು ಎಣ್ಣೆ ಎಲ್ಲ ಮೇಲೆದ್ದು ಜಾರುತ್ತದೆ. ಜೋರಾಗಿ ಸುರಿದು ತೊಳೆದುಹೋದ ಮೇಲೆ ವಾಸಿ. ರಸ್ತೆಗೆ ಹಾಕಿದ ಬಿಳಿ ಬಣ್ಣದ ಗೆರೆ, ಕಬ್ಬಿಣದ ಮುಚ್ಚಳಗಳ ಮೇಲೆ ಸೈಕಲ್ ವಾಲಿಸಬೇಡಿ. ಗುಡುಗು ಇದ್ದರೆ ಮಿಂಚಿನಿಂದ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿ.ಮೀ. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಕಟ್ಟಡದೊಳಗೆ ಸೇರಿಕೊಳ್ಳಿ. ಬಯಲಿನ ಒಂಟಿ ಮರದ ಕೆಳಗೆ ಮಾತ್ರ ನಿಲ್ಲಬೇಡಿ. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಬಿಟ್ಟು ಹೊರಡಿ.

ಸುಮ್ನೆತುಳಿ:
ಒಂದು ಪ್ರಶ್ನೆ, ಬೈಯಬೇಡಿ. ಸ್ಟ್ರಾವಾ (ರೈಡಿನ ದಾರಿ, ವೇಗ ದಾಖಲಿಸುವ ಆ್ಯಪ್) ಇಲ್ಲದೆ ತುಳಿಯುವವರು ಯಾರಾದರೂ ಇದ್ದೀರಾ? ನಾನು ಅದನ್ನು ತೆಗೆದುಹಾಕಿದೆ. ಏರಿನಲ್ಲಿ ನಿಂತು ಕೆರೆ ನೋಡಬೇಕು ಅನ್ನಿಸಿದರೆ ಸರಾಸರಿ ಬೀಳುತ್ತದಲ್ಲ ಅಂತ ನಿಲ್ಲುತ್ತಲೇ ಇರಲಿಲ್ಲ.

ಏರುದಾರಿ:
ನಿಂತಾಗ ತಾನೇ ನಿಲ್ಲುವ ಆಯ್ಕೆ ಅದರಲ್ಲಿದೆ. ತಪ್ಪು ಆ್ಯಪಿನದ್ದಲ್ಲ, ನೋಡುವವರ ಕಣ್ಣಿನದ್ದು. ನನಗೆ ಅದೇ ಏರನ್ನು ಹೋದ ವರ್ಷ ಹೇಗೆ ಹತ್ತಿದೆ, ಈಗ ಹೇಗೆ ಅಂತ ನೋಡುವುದು ಖುಷಿ. ಅದರಲ್ಲಿ ಏನು ಪಾಪ?

ಹೊಲದಹಾದಿ:
ಪಾಪ ಇಲ್ಲ. ಆದರೆ ಮನೆ ಬಾಗಿಲಿಂದಲೇ ಶುರು ಮಾಡಿ ಎಲ್ಲರಿಗೂ ಕಾಣುವಂತೆ ಹಾಕುವವರನ್ನು ನೋಡಿದ್ದೇನೆ. ಸೈಕಲ್ ಎಲ್ಲಿದೆ, ಮನೆ ಯಾವಾಗ ಖಾಲಿ ಅಂತ ಕಳ್ಳನಿಗೆ ನಾವೇ ನಕ್ಷೆ ಕೊಟ್ಟಂತೆ. ಶುರು ಮತ್ತು ಕೊನೆಯ ಜಾಗ ಮುಚ್ಚಿಡಲು ಸೆಟ್ಟಿಂಗ್ ಇದೆ, ಬಳಸಿ.

ಎರಡುಚಕ್ರ:
ವೇಗದ ಹುಚ್ಚು ಬೇಡ, ದೂರದ ಹುಚ್ಚು ಇದೆ ಅನ್ನುವವರು ಬ್ರೆವೆಗೆ, ಅಂದರೆ ಗೊತ್ತುಮಾಡಿದ ಹೊತ್ತಿನೊಳಗೆ ದೂರದ ದಾರಿ ಮುಗಿಸುವ ರೈಡಿಗೆ ಬನ್ನಿ. 200 ಕಿ.ಮೀ.ಗೆ 13 ಗಂಟೆ 30 ನಿಮಿಷ ಸಿಗುತ್ತದೆ. ನಿಲ್ಲುವುದು, ತಿನ್ನುವುದು, ಪಂಕ್ಚರ್ ಎಲ್ಲ ಸೇರಿ ಗಂಟೆಗೆ 15 ಇದ್ದರೆ ಸಾಕು. ಮೊದಲ ಬಹುಮಾನ ಅಂತ ಏನೂ ಇಲ್ಲ, ಮುಗಿಸಿದವರೆಲ್ಲ ಒಂದೇ. ಅದರ ದೊಡ್ಡಣ್ಣ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್. ಸುಮಾರು 1200 ಕಿ.ಮೀ., ಗರಿಷ್ಠ 90 ಗಂಟೆ, ನಾಲ್ಕು ವರ್ಷಕ್ಕೊಮ್ಮೆ ಆಗಸ್ಟಿನಲ್ಲಿ. ಅಲ್ಲಿಯೂ ಬೇಸಿಗೆಯ ಕೊನೆಯೇ ನೋಡಿ.

ಒಂಟಿಪೆಡಲ್:
ಖುಷಿಗೆ ತುಳಿಯುವವರ ಸುದ್ದಿ ಸಾಕು ಅಂದರು, ಇವರು 1200 ಕಿ.ಮೀ. ಅನ್ನುತ್ತಿದ್ದಾರೆ.

ಮುಳ್ಳುಟೈರ್:
1891ರಲ್ಲಿ ಅದು ರೇಸಾಗಿಯೇ ಶುರುವಾದದ್ದು. ಗೆದ್ದದ್ದು ಶಾರ್ಲ್ ತೆರೋಂ, 72 ಗಂಟೆಯೊಳಗೆ. ನನಗೆ ಆಸಕ್ತಿ ಅವರ ಕಾಲಿನದ್ದಲ್ಲ, ಟೈರಿನದ್ದು. ಡನ್‌ಲಪ್ ಗಾಳಿ ಟೈರ್ ಮಾಡಿದ್ದು 1888ರಲ್ಲಿ. ಆಗ ಟೈರನ್ನು ರಿಮ್ಮಿಗೆ ಅಂಟಿಸಿಬಿಡುತ್ತಿದ್ದರು, ಪಂಕ್ಚರ್ ಆದರೆ ಕಿತ್ತು, ತೇಪೆ ಹಾಕಿ, ಅಂಟು ಒಣಗುವ ತನಕ ಕಾಯಬೇಕು. ತೆರೋಂ ಹಾಕಿದ್ದು ಮಿಶೆಲಿನ್‌ನವರ ಬಿಚ್ಚಿ ಹಾಕುವ ಹೊಸ ಟೈರ್. ಬೇಲಿ ಪಕ್ಕ ಕೂತು ಟ್ಯೂಬ್ ಬದಲಿಸುತ್ತಾ ಶಾಪ ಹಾಕುವಾಗ ಇದನ್ನು ನೆನಪಿಸಿಕೊಂಡು ಕಡಿಮೆ ಶಾಪ ಹಾಕುತ್ತೇನೆ.

ಕಡೇಗೇರ್:
ನಾನು ಟ್ಯೂಬ್‌ಲೆಸ್‌ಗೆ ಹೋಗಿಬಿಟ್ಟೆ. ತೂತು ತಾನಾಗಿ ಮುಚ್ಚುವ ದ್ರವ ಹೋದ ವರ್ಷ ಹಾಕಿಸಿದ್ದು, ಇನ್ನೂ ಒಂದು ಪಂಕ್ಚರ್ ಇಲ್ಲ. ನಿಮ್ಮ ಬೆರಳು ಆಡಿಸುವ ಕೆಲಸವೇ ಇಲ್ಲ.

ಮುಳ್ಳುಟೈರ್:
ಹೋದ ವರ್ಷ ಹಾಕಿದ್ದಾ? ಹೆಚ್ಚಿನ ದ್ರವ ಕೆಲವೇ ತಿಂಗಳಲ್ಲಿ ಒಣಗುತ್ತದೆ, ಬಿಸಿಲಲ್ಲಿ ಇನ್ನೂ ಬೇಗ. ಚಕ್ರ ಬಿಚ್ಚಿ ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಕುಲುಕುವ ಸದ್ದು ಬರಬೇಕು. ಬರದಿದ್ದರೆ ಒಳಗೆ ಒಣ ರಬ್ಬರ್ ಹಪ್ಪಳೆ ಮಾತ್ರ ಇದೆ. ಅದು ಮುಳ್ಳಿನ ತೂತು ಮುಚ್ಚುವುದಿಲ್ಲ.

ಕಡೇಗೇರ್:
ಮುಂದಿನದ್ದು ಸದ್ದು ಬರುತ್ತಿದೆ. ಹಿಂದಿನದ್ದು ಇಲ್ಲ.

ಮುಳ್ಳುಟೈರ್:
ವಾಲ್ವಿನ ಒಳಗಿನ ಕೋರ್ ಬಿಚ್ಚಿ ಅಲ್ಲಿಂದಲೇ ತುಂಬಿಸಿ, ಟೈರ್ ಬಿಚ್ಚಬೇಕಿಲ್ಲ. ಕೋರಿಗೆ ದ್ರವ ಮೆತ್ತಿಕೊಂಡಿದ್ದರೆ ತೊಳೆದು ಹಾಕಿ. ಬಾಟಲಿ ಚೆನ್ನಾಗಿ ಕುಲುಕಿ, ಇಲ್ಲದಿದ್ದರೆ ಕಣಗಳೆಲ್ಲ ತಳದಲ್ಲೇ ಉಳಿಯುತ್ತವೆ. ಮತ್ತೆ ಒಂದು ಟ್ಯೂಬ್ ಜೊತೆಗಿರಲಿ, ಟ್ಯೂಬ್‌ಲೆಸ್ ಅಂತ ಬಿಟ್ಟು ಹೋಗಬೇಡಿ.

ಕಡೇಗೇರ್:
ಸರಿ ಅಣ್ಣ. ಟ್ಯೂಬಿನ ಜೊತೆ ಟೈರ್ ಬಿಚ್ಚುವ ಲಿವರ್ ಎರಡು ಬೇಕಾ, ಮೂರಾ?